ಬಾಕಿ ಎಷ್ಟು ಅಂತ ಗೊತ್ತು, ಹೇಗೆ ಬಂತು ಅಂತ ಗೊತ್ತಾ?

ಸಾಲ ವಸೂಲಿ ಕೆಲಸದಲ್ಲಿರುವ ಎಲ್ಲರಿಗೂ ನಮಸ್ಕಾರ. ಊಟಕ್ಕೆ ಮುಂಚಿನ ಉಪನ್ಯಾಸ ನನ್ನ ಪಾಲಿಗೆ ಬಂದಿದೆ, ಹಾಗಾಗಿ ನಿಮ್ಮ ಕಣ್ಣು ನನಗಿಂತ ಗಡಿಯಾರದ ಮೇಲೇ ಜಾಸ್ತಿ ಇರುತ್ತದೆ ಅಂತ ಗೊತ್ತು. ನನಗಿಂತ ಮೊದಲು ಮಾತಾಡಿದವರು ನಮ್ಮ ಕಚೇರಿಗಳು ಕಾಗದ ಬಿಟ್ಟು ಕಂಪ್ಯೂಟರಿಗೆ ಹೋದ ಮೇಲೆ ಎಷ್ಟು ಬೀರು ಖಾಲಿಯಾದವು, ಫೈಲ್ ಹುಡುಕುವ ಸಮಯ ಎಷ್ಟು ಉಳಿಯಿತು ಅಂತ ಚೆನ್ನಾಗಿ ಹೇಳಿದರು. ನನ್ನ ತಕರಾರು ಏನೂ ಇಲ್ಲ. ಕಾಗದ ಹೋಗಿದ್ದರಿಂದ ನಿಜವಾಗಿ ನಷ್ಟವಾಗಿದ್ದು ಇಲಿಗಳಿಗೆ ಮಾತ್ರ.

ನಾನು ಕೇಳುವುದು ಬೇರೆ. ಸಾಲ ತೆಗೆದುಕೊಂಡವರು ಫೋನ್ ಮಾಡಿ, "ನೀವು ಹೇಳ್ತಿರೋ ಈ ಮೊತ್ತ ಎಲ್ಲಿಂದ ಬಂತು ಸಾರ್?" ಅಂತ ಕೇಳಿದರೆ, ನಿಮ್ಮ ಮುಂದಿನ ಪರದೆ ಉತ್ತರ ಕೊಡುತ್ತದಾ? ಅಸಲು ಎಷ್ಟು, ಬಡ್ಡಿ ಎಷ್ಟು, ದಂಡದ ಬಡ್ಡಿ ಯಾವತ್ತಿಂದ ಬಿತ್ತು, ಕಟ್ಟಿದ ಕಂತು ಯಾವುದಕ್ಕೆ ಹೋಯಿತು? ಹೆಚ್ಚಿನ ಕಡೆ ಪರದೆಯ ಮೇಲೆ ದಪ್ಪ ಅಕ್ಷರದಲ್ಲಿ ಒಂದೇ ಒಂದು ಅಂಕಿ ಇರುತ್ತದೆ, ಬಾಕಿ ಇಷ್ಟು ಅಂತ. ನಮ್ಮ ಹುಡುಗರು ಅದನ್ನೇ ಜೋರಾಗಿ ಓದುತ್ತಾರೆ. ಅತ್ತ ಕಡೆಯವರು ಮತ್ತೆ ಕೇಳಿದರೆ ಇನ್ನೂ ಜೋರಾಗಿ ಓದುತ್ತಾರೆ.

ಈಗ ಒಂದು ಕಥೆ ಹೇಳಬೇಕು. ಕೆಲವರು ಇದನ್ನ ನನ್ನ ಬಾಯಲ್ಲಿ ಮೊದಲೇ ಕೇಳಿದ್ದೀರಿ, ಸಹಿಸಿಕೊಳ್ಳಿ. 2013ರಲ್ಲಿ ಜರ್ಮನಿಯಲ್ಲಿ ಒಂದು ಕಟ್ಟಡದ ನಕ್ಷೆಯನ್ನ ಜೆರಾಕ್ಸ್ ಕಂಪನಿಯ ಯಂತ್ರದಲ್ಲಿ ಪ್ರತಿ ಮಾಡಿದರು. ನಕ್ಷೆಯಲ್ಲಿ ಮೂರು ಕೋಣೆ. ಒಂದರ ವಿಸ್ತೀರ್ಣ 14.13 ಚದರ ಮೀಟರ್, ಇನ್ನೊಂದರದ್ದು 21.11, ಮತ್ತೊಂದರದ್ದು 17.42. ಪ್ರತಿಯಲ್ಲಿ ನೋಡಿದರೆ ಮೂರೂ ಕೋಣೆ 14.13! ಕಣ್ಣಿಗೇ ದೊಡ್ಡದಾಗಿ ಕಾಣುವ ಕೋಣೆಗೂ ಚಿಕ್ಕ ಕೋಣೆಯ ಅಳತೆಯೇ ಇದ್ದದ್ದರಿಂದ ಯಾರಿಗೋ ಅನುಮಾನ ಬಂತು. ಡೇವಿಡ್ ಕ್ರೀಸೆಲ್ ಅನ್ನುವ ಕಂಪ್ಯೂಟರ್ ವಿಜ್ಞಾನಿ ಹಿಂದೆ ಬಿದ್ದರು. ಅಂಕಿಗಳ ಪಟ್ಟಿ ಹಾಕಿ ಸ್ಕ್ಯಾನ್ ಮಾಡಿ ನೋಡಿದರೆ, ಅಲ್ಲಲ್ಲಿ 6 ಇದ್ದದ್ದು 8 ಆಗಿದೆ. ನೀವು ಅಂದುಕೊಳ್ಳುತ್ತಿರಬಹುದು, ಯಂತ್ರ ಅಕ್ಷರ ಓದುವಾಗ ತಪ್ಪಿತು ಅಂತ. ಅಲ್ಲ, ಅದು ಓದುತ್ತಲೇ ಇರಲಿಲ್ಲ. ಬರೀ ಚಿತ್ರ ತೆಗೆಯುತ್ತಿತ್ತು. ಫೈಲ್ ಚಿಕ್ಕದಾಗಲಿ ಅಂತ ಜೆಬಿಗ್2 ಅನ್ನುವ ವಿಧಾನ ಬಳಸಿದ್ದರು. ಅದು ಪುಟವನ್ನ ಚಿಕ್ಕ ಚಿಕ್ಕ ತುಂಡು ಮಾಡಿ, ಒಂದೇ ಥರ ಕಾಣುವ ತುಂಡುಗಳಿದ್ದರೆ ಒಂದನ್ನೇ ಇಟ್ಟುಕೊಂಡು ಉಳಿದ ಕಡೆಯೂ ಅದನ್ನೇ ಅಂಟಿಸುತ್ತದೆ. 6 ಮತ್ತು 8 ಅದರ ಕಣ್ಣಿಗೆ ಅಣ್ಣ ತಮ್ಮ. ಕಂಪನಿಯವರು ಮೊದಲು, ಕಡಿಮೆ ಗುಣಮಟ್ಟದ ಸೆಟ್ಟಿಂಗ್ ಇಟ್ಟರೆ ಹೀಗಾಗಬಹುದು ಅಂತ ಕೈಪಿಡಿಯಲ್ಲೇ ಬರೆದಿದ್ದೇವಲ್ಲ ಅಂದರು (ಕೈಪಿಡಿ ಓದುವವರು ಈ ಸಭೆಯಲ್ಲಿ ಯಾರಿದ್ದೀರಿ? ಕೈ ಎತ್ತಿ. ಸರಿ ಬಿಡಿ). ಆಮೇಲೆ ಮೇಲಿನ ಸೆಟ್ಟಿಂಗ್‌ನಲ್ಲೂ ಹೀಗೇ ಆಗುತ್ತದೆ ಅಂತ ಕ್ರೀಸೆಲ್ ತೋರಿಸಿದರು, ಕಂಪನಿ ತಂತ್ರಾಂಶ ಸರಿಮಾಡಬೇಕಾಯಿತು.

ಇದರಲ್ಲಿ ಭಯ ಹುಟ್ಟಿಸುವುದು ಏನು ಗೊತ್ತಾ? ತಪ್ಪು ಅಂಕಿ ಮಸುಕಾಗಿರಲಿಲ್ಲ. ಸ್ಫಟಿಕದಷ್ಟು ಸ್ಪಷ್ಟವಾಗಿತ್ತು. ಮಸುಕಾಗಿದ್ದರೆ ನಾವು ಅನುಮಾನ ಪಡುತ್ತೇವೆ. ಸ್ಪಷ್ಟವಾಗಿದ್ದರೆ ನಂಬುತ್ತೇವೆ. ನಮ್ಮ ಸಾಲದ ಪತ್ರ, ಕಂತಿನ ರಸೀದಿ ಎಲ್ಲ ಸ್ಕ್ಯಾನ್ ಮಾಡಿ, ಮೂಲವನ್ನ ಅವತ್ತೇ ಚೂರು ಮಾಡುವ ಯಂತ್ರಕ್ಕೆ ಹಾಕುವವರು ಇದನ್ನ ನೆನಪಿಟ್ಟುಕೊಳ್ಳಿ. ಸ್ಕ್ಯಾನ್ ಆದದ್ದನ್ನ ಒಬ್ಬರು ಕೂತು ಮೂಲದ ಜೊತೆ ಹೋಲಿಸಬೇಕು, ಎಲ್ಲ ಆಗದಿದ್ದರೆ ಮೊತ್ತ, ದಿನಾಂಕ, ಖಾತೆ ಸಂಖ್ಯೆ, ಇಷ್ಟನ್ನಾದರೂ. ಸಹಿ ಹಾಕಿದ ಮೂಲ ಪತ್ರವನ್ನ ಮಾತ್ರ ಸಾಲ ತೀರುವ ತನಕ ಎಸೆಯಲೇಬೇಡಿ. ಕಾಗದರಹಿತ ಅಂತ ಬೋರ್ಡ್ ಹಾಕಿಕೊಂಡರೂ ಒಂದು ಬೀರು ಇರಲಿ.

ಮತ್ತೆ ನನ್ನ ಹಳೇ ರಾಗಕ್ಕೆ ಬರುತ್ತೇನೆ, ಬಾಕಿ ಹೇಗೆ ಬಂತು ಅನ್ನುವುದಕ್ಕೆ. ಸಾಲ ಮಾರಾಟವಾಗುತ್ತದೆ, ನಿಮಗೆಲ್ಲ ಗೊತ್ತು: ಸಾಲ ಕೊಟ್ಟವರು ವಸೂಲಾಗದ ಸಾಲವನ್ನ ಕಡಿಮೆ ಬೆಲೆಗೆ ಬೇರೆ ಕಂಪನಿಗೆ ಮಾರುತ್ತಾರೆ, ವಸೂಲಿ ಮಾಡುವ ಹಕ್ಕು ಕೊಂಡವರದ್ದಾಗುತ್ತದೆ. ಅಮೆರಿಕದಲ್ಲಿ ಗ್ರಾಹಕರ ಹಿತ ಕಾಯುವ ಸರ್ಕಾರಿ ಸಂಸ್ಥೆ ಫೆಡರಲ್ ಟ್ರೇಡ್ ಕಮಿಷನ್ 2013ರ ಜನವರಿಯಲ್ಲಿ ಸಾಲ ಕೊಳ್ಳುವ ಕಂಪನಿಗಳ ಬಗ್ಗೆ ಒಂದು ವರದಿ ತಂದಿತು. ಕೊಳ್ಳುವವರು ಒಂದು ಡಾಲರ್ ಸಾಲಕ್ಕೆ ಸರಾಸರಿ 4 ಸೆಂಟ್ ಕೊಟ್ಟಿದ್ದರು. ಅವರ ಕೈಗೆ ಬಂದದ್ದು ಹೆಚ್ಚಾಗಿ ಹೆಸರು, ವಿಳಾಸ, ಮೊತ್ತ ಇರುವ ಒಂದು ಕಂಪ್ಯೂಟರ್ ಪಟ್ಟಿ. ಸಾಲದ ದಾಖಲೆಗಳು ಜೊತೆಗೆ ಬಂದದ್ದು ಬಹಳ ಕಡಿಮೆ. ಮಾಹಿತಿ ಸರಿಯಿದೆ ಅಂತ ನಾವು ಹೊಣೆ ಹೊರಲ್ಲ ಅಂತ ಮಾರುವವರು ಕರಾರಿನಲ್ಲೇ ಬರೆಸಿಕೊಳ್ಳುತ್ತಿದ್ದರು. ಅಂದರೆ ಅದು ಪೂರ್ತಿ ಕಾಗದರಹಿತ ವ್ಯವಹಾರ! ನೂರಕ್ಕೆ ನೂರು! ಆ ಪಟ್ಟಿ ಹಿಡಿದು ಫೋನ್ ಮಾಡಿದವರಿಗೆ, ಆ ಮೊತ್ತದಲ್ಲಿ ಬಡ್ಡಿ ಎಷ್ಟು ಅಂತ ಹೇಳಲೂ ಕಷ್ಟ.

ನಗಬೇಡಿ, ನಾವೂ ಸಣ್ಣ ಮಟ್ಟದಲ್ಲಿ ಇದನ್ನೇ ಮಾಡುತ್ತೇವೆ. ಹಳೇ ಸಾಫ್ಟ್‌ವೇರ್ ಬಿಟ್ಟು ಹೊಸದಕ್ಕೆ ಹೋಗುವಾಗ ಏನು ತರುತ್ತೇವೆ? ಆರಂಭದ ಬಾಕಿ, ಅಂದರೆ ಅವತ್ತಿಗೆ ಬಾಕಿ ಎಷ್ಟು ಅನ್ನುವ ಒಂದು ಅಂಕಿ. ಅಷ್ಟೇ. ಹಿಂದಿನ ಕಂತುಗಳ ವಿವರ ಹಳೇ ಸರ್ವರ್‌ನಲ್ಲಿ ಇದೆ ಅನ್ನುತ್ತೇವೆ, ಆಮೇಲೆ ಆ ಸರ್ವರ್‌ನ ಪಾಸ್‌ವರ್ಡ್ ಗೊತ್ತಿದ್ದವರು ಕೆಲಸ ಬಿಟ್ಟು ಹೋಗುತ್ತಾರೆ. ಎಷ್ಟೇ ದುಬಾರಿಯಾಗಲಿ, ಪ್ರತಿ ಖಾತೆಯ ಒಂದೊಂದು ಎಂಟ್ರಿಯೂ ಹೊಸ ಮನೆಗೆ ಬರಬೇಕು. ಎರಡೂ ಕಡೆ ಮೊತ್ತ ತಾಳೆ ನೋಡಬೇಕು. ತಾಳೆ ಆಗದ ಖಾತೆಗಳ ವಸೂಲಿ ಅಲ್ಲಿಯವರೆಗೆ ನಿಲ್ಲಬೇಕು. ಹೌದು, ನಿಲ್ಲಬೇಕು. ಹಿಂದಿನ ಸಾಲಿನಲ್ಲಿ ಯಾರೋ ತಲೆ ಅಲ್ಲಾಡಿಸುತ್ತಿದ್ದಾರೆ, ಟಾರ್ಗೆಟ್ ಏನಾಗಬೇಕು ಅಂತ. ಇಲ್ಲದ ಸಾಲ ಕೇಳಿ ಸಿಕ್ಕಿಹಾಕಿಕೊಂಡರೆ ಆ ಟಾರ್ಗೆಟ್ ಕಟ್ಟಿಕೊಂಡು ಏನು ಮಾಡ್ತೀರಿ ಸಾರ್?

ಎಂಟ್ರಿ ತಿದ್ದುವ ವಿಷಯ. ಹಳೇ ಲೆಡ್ಜರ್‌ನಲ್ಲಿ ತಪ್ಪಾದರೆ ಗೆರೆ ಎಳೆದು, ಪಕ್ಕದಲ್ಲಿ ಸರಿ ಅಂಕಿ ಬರೆದು ಸಹಿ ಹಾಕುತ್ತಿದ್ದರು. ತಪ್ಪೂ ಕಾಣುತ್ತಿತ್ತು, ತಿದ್ದಿದವರೂ ಕಾಣುತ್ತಿದ್ದರು. ಈಗ ಸುಮ್ನೆ ಮೇಲೆ ಟೈಪ್ ಮಾಡಿ ಸೇವ್ ಒತ್ತಿದರೆ ಹಳೆಯದು ಗಾಳಿಗೆ ಹೋಯಿತು. ಇದನ್ನ ಬಿಡಲೇಬಾರದು. ತಪ್ಪಿದ್ದರೆ ಅದನ್ನ ರದ್ದು ಮಾಡುವ ಇನ್ನೊಂದು ಎಂಟ್ರಿ ಹಾಕಿ, ಹಳೆಯದು ಹಾಗೇ ಇರಲಿ. ಯಾರು, ಯಾವಾಗ, ಯಾಕೆ ಅಂತ ಜೊತೆಗೆ ಇರಲಿ. ಯಾರು ಅಂತ ಗೊತ್ತಾಗಬೇಕಾದರೆ ಒಬ್ಬೊಬ್ಬರಿಗೂ ಬೇರೆ ಲಾಗಿನ್ ಬೇಕು, ಅಲ್ವಾ? ಇಡೀ ಶಾಖೆಗೆ ಒಂದೇ ಪಾಸ್‌ವರ್ಡ್, ಅದೂ ಮಾನಿಟರ್ ಮೇಲೆ ಅಂಟಿಸಿದ ಚೀಟಿಯಲ್ಲಿ. ಕಾಗದರಹಿತ ಕಚೇರಿಯಲ್ಲಿ ಉಳಿದ ಕೊನೇ ಕಾಗದ ಅದೇ.

ಅಧ್ಯಕ್ಷರು ಚೀಟಿ ಕಳಿಸಿದ್ದಾರೆ, ಐದು ನಿಮಿಷ ಅಂತೆ. ಇನ್ನೂ ನಾಲ್ಕು ವಿಷಯ ಇತ್ತು, ಓಡಿಸುತ್ತೇನೆ.

ಮನೆ ಬಾಗಿಲಲ್ಲಿ ನಗದು ತೆಗೆದುಕೊಂಡರೆ ರಸೀದಿ ಅಲ್ಲೇ, ಆಗಲೇ ಅವರ ಫೋನಿಗೆ ಹೋಗಬೇಕು. ನೆಟ್‌ವರ್ಕ್ ಇಲ್ಲದಿದ್ದರೆ ಹಣ ಪಡೆದ ಸಮಯ ಬೇರೆ, ಸರ್ವರ್ ಮುಟ್ಟಿದ ಸಮಯ ಬೇರೆ ಅಂತ ಎರಡನ್ನೂ ಬರೆದುಕೊಳ್ಳಬೇಕು. ಇಲ್ಲದಿದ್ದರೆ ಇವತ್ತು ಕಟ್ಟಿದವರಿಗೆ ನಾಳೆಯ ತಡದ ಶುಲ್ಕ ಬೀಳುತ್ತದೆ. ಅವರ ಹತ್ತಿರ ಸ್ಮಾರ್ಟ್‌ಫೋನ್ ಇಲ್ಲ ಅಂದರೆ ಕಾಗದದ ರಸೀದಿ ಕೊಡಿ. ಕಾಗದ ಬಿಟ್ಟಿರುವುದು ನಾವು, ಅವರಲ್ಲ.

"ಈ ಸಾಲ ನನ್ನದಲ್ಲ" ಅಂದವರ ಖಾತೆಗೆ ತಕರಾರಿನ ಗುರುತು ಬೀಳಬೇಕು, ಮುಂದೆ ಫೋನ್ ಮಾಡುವವರಿಗೆ ಅದು ಮೊದಲು ಕಾಣಬೇಕು. ಕಾಲ್ ನೋಟ್‌ನಲ್ಲಿ (ಫೋನಿನಲ್ಲಿ ಏನು ಮಾತಾಯಿತು ಅಂತ ಬರೆದಿಡುವ ಟಿಪ್ಪಣಿ) ಬೈಗುಳ ಬರೆಯಬೇಡಿ, ಒಂದು ದಿನ ಅದನ್ನ ಕೋರ್ಟಿನಲ್ಲಿ ಗಟ್ಟಿಯಾಗಿ ಓದುತ್ತಾರೆ. ತೀರಿದ ಸಾಲದವರ ಫೋಟೊ, ಗುರುತಿನ ಚೀಟಿ, ನೆಂಟರ ನಂಬರ್ ಎಲ್ಲ ಎಷ್ಟು ವರ್ಷ ಇಟ್ಟುಕೊಳ್ಳುತ್ತೀರಿ ಅಂತ ಈಗಲೇ ಬರೆದಿಡಿ, ಅವಧಿ ಮುಗಿದ ಮೇಲೆ ನಿಜವಾಗಿ ಅಳಿಸಿ.

ನಾಲ್ಕನೆಯದು ಬ್ಯಾಕಪ್. ಅದಕ್ಕೆ ಸಮಯ ಇಲ್ಲ, ಅಧ್ಯಕ್ಷರು ಎದ್ದೇ ನಿಂತಿದ್ದಾರೆ. ಪ್ರಶ್ನೆ ಕೇಳುವವರು ಯಾರಾದರೂ ದಯವಿಟ್ಟು ಬ್ಯಾಕಪ್ ಬಗ್ಗೆಯೇ ಮೊದಲು ಕೇಳಿ.