ನಮ್ಮ ಶೆಡ್ಡಿನಲ್ಲಿ ವಿಮಾನದ ಬಾಲ

ನಮಸ್ಕಾರ. ನೀವು ಈಗ ನೋಡುತ್ತಿರುವುದು ತುಮಕೂರಿನ ನಮ್ಮ ಮನೆಯ ಹಿಂದಿನ ಶೆಡ್. ಬೆಂಚಿನ ಮೇಲಿರುವುದು ಎರಡು ಆಸನಗಳ ಲೋಹದ ವಿಮಾನವೊಂದರ ರಡ್ಡರ್, ಅಂದರೆ ವಿಮಾನದ ಮೂತಿಯನ್ನು ಎಡಕ್ಕೂ ಬಲಕ್ಕೂ ತಿರುಗಿಸುವ ಬಾಲದ ಭಾಗ. ಮನೆಯಲ್ಲೇ ಕಟ್ಟುವವರಿಗೆಂದು ಕ್ರಿಸ್ ಹೈಂಟ್ಸ್ ಅವರು 1980ರ ದಶಕದಲ್ಲಿ ರೂಪಿಸಿದ ಸಿ.ಎಚ್. 701 ವಿಮಾನದ ನಕ್ಷೆಗಳನ್ನು ಹಿಡಿದು ಕೆಲಸ ಆರಂಭಿಸಿದ್ದೇನೆ. ಅದರ ಒಂದು ರೆಕ್ಕೆಯ ತುದಿಯಿಂದ ಇನ್ನೊಂದರ ತುದಿಗೆ 27 ಅಡಿ. ಬಾಲದ ನಿಂತ ಭಾಗವೆಲ್ಲ ಒಂದೇ ಫಲಕವಾಗಿ ತಿರುಗುತ್ತದೆ. ಗಾತ್ರ ಚಿಕ್ಕದಾದರೂ ಅದರೊಳಗೆ ಸ್ಪಾರ್ ಎಂಬ ಉದ್ದದ ಮುಖ್ಯ ತೊಲೆ, ರಿಬ್ ಎಂಬ ಆಕಾರ ಕೊಡುವ ಅಡ್ಡ ಪಕ್ಕೆಲುಬು, ತಗಡಿನ ಹೊದಿಕೆ ಎಲ್ಲವೂ ಇರುವುದರಿಂದ ಕೈ ಪಳಗಿಸಿಕೊಳ್ಳಲು ಇದನ್ನೇ ಮೊದಲು ಆರಿಸಿಕೊಂಡೆ.

ಬಳಸುತ್ತಿರುವ ತಗಡು 6061-ಟಿ6. ಅಲ್ಯೂಮಿನಿಯಂಗೆ ಮೆಗ್ನೀಸಿಯಂ ಮತ್ತು ಸಿಲಿಕಾನ್ ಬೆರೆಸಿ, ಕಾಯಿಸಿ, ತಣಿಸಿ, ಮತ್ತೆ ಹದವಾದ ಶಾಖದಲ್ಲಿಟ್ಟು ಗಟ್ಟಿಗೊಳಿಸಿದ ಲೋಹವಿದು. ಹೀಗೆ ಗಟ್ಟಿಯಾದ ತಗಡನ್ನು ತೀರಾ ಚೂಪಾಗಿ ಮಡಿಸಿದರೆ ಮಡಿಕೆಯ ಹೊರಮೈ ಸೀಳುತ್ತದೆ. ಗೋಡೆಗೆ ನೇತುಹಾಕಿರುವ ಆ ರಿಬ್ಬನ್ನು ಹತ್ತಿರದಿಂದ ನೋಡಿ: ಮಡಿಕೆಯುದ್ದಕ್ಕೂ ಕೂದಲೆಳೆಯಂಥ ಬಿರುಕು ಕಾಣುತ್ತದೆ. ಅಚ್ಚಿನ ಅಂಚನ್ನು ದುಂಡಗೆ ಮಾಡದೆ ಬಡಿದದ್ದು ನನ್ನ ತಪ್ಪು. ಆಮೇಲೆ ಹಲಸಿನ ಹಲಗೆಯಲ್ಲಿ ಹೊಸ ಅಚ್ಚು ಮಾಡಿಸಿ, ಅದರ ಅಂಚನ್ನು ಮೂರು ಮಿಲಿಮೀಟರ್ ತ್ರಿಜ್ಯಕ್ಕೆ ಉಜ್ಜಿ, ಮರದ ಸುತ್ತಿಗೆಯಿಂದ ಸ್ವಲ್ಪ ಸ್ವಲ್ಪವೇ ಬಗ್ಗಿಸುತ್ತಾ ಹೋದಾಗ ರಿಬ್ ಒಂದು ಗೀರೂ ಇಲ್ಲದೆ ಬಂದಿತು.

ಈ ಕೆಲಸದಲ್ಲಿ ನನ್ನ ಜೊತೆಗಿರುವವರು ನಮ್ಮ ತಂದೆಯವರು. ಅವರು ಬಹಳ ವರ್ಷ ಬಸ್ಸಿನ ಬಾಡಿ ಕಟ್ಟುವ ಕೆಲಸ ಮಾಡಿದವರು. ತಗಡು, ಡ್ರಿಲ್, ತೂತಿಗೆ ಒಂದೇ ಬದಿಯಿಂದ ತೂರಿಸಿ ಒಳಗಿನ ಕಡ್ಡಿಯನ್ನೆಳೆದು ತಗಡುಗಳನ್ನು ಬಿಗಿಯುವ ಪಾಪ್ ರಿವೆಟ್ ಅವರಿಗೆ ಹೊಸತಲ್ಲ. ಡ್ರಿಲ್ ಹಿಡಿದ ಮೊದಲ ದಿನ ನನ್ನ ಮೊಣಕೈಯನ್ನು ಹಿಡಿದು, "ಒತ್ತಬೇಡ ಕಣಪ್ಪಾ, ಅದೇ ಇಳೀತೈತೆ" ಎಂದರು. ಒತ್ತಿದರೆ ತೂತು ಮೂರು ಮೂಲೆಯಾಗುತ್ತದೆ ಎಂಬುದು ಯಾವ ನಕ್ಷೆಯಿಂದಲೂ ನನಗೆ ತಿಳಿದಿರಲಿಲ್ಲ. ಆದರೆ ಕಿವಿಯ ಮೇಲಿನ ಪೆನ್ಸಿಲ್‌ನಿಂದ ಗುರುತು ಹಾಕುವ ಅವರ ಅಭ್ಯಾಸವನ್ನು ಮಾತ್ರ ನಾನು ತಡೆಯಬೇಕಾಯಿತು. ಪೆನ್ಸಿಲ್‌ನ ಗ್ರಾಫೈಟ್ ಅಲ್ಯೂಮಿನಿಯಂ ಮೇಲೆ ಉಳಿದು ತೇವ ತಗುಲಿದರೆ ಆ ಗೆರೆಯುದ್ದಕ್ಕೂ ಲೋಹ ಸವೆಯತೊಡಗುತ್ತದೆ. ಮೊಳೆಯಿಂದ ಗೀರುವುದಂತೂ ಇನ್ನೂ ಕೆಟ್ಟದ್ದು, ಏಕೆಂದರೆ ಆ ಗೀರಿನಿಂದಲೇ ಬಿರುಕು ಹುಟ್ಟಬಹುದು. ಹಾಗಾಗಿ ಇಲ್ಲಿ ಮಾರ್ಕರ್ ಪೆನ್ನಿನಿಂದಲೇ ಬರೆಯುತ್ತೇವೆ.

ನಿಜವಾಗಿ ಈ ವಿಮಾನದ ಕೆಲಸವೆಂದರೆ ತೂತುಗಳ ಕೆಲಸ. ಒಂದೊಂದು ತೂತನ್ನೂ ಕೊರೆದು, ತಗಡುಗಳು ಜರುಗದಂತೆ ಕ್ಲೀಕೋ ಎಂಬ ತಾತ್ಕಾಲಿಕ ಪಿನ್ನಿನಿಂದ ಬಿಗಿದು, ಸಾಲು ಮುಗಿದ ಮೇಲೆ ಎಲ್ಲವನ್ನೂ ಬಿಚ್ಚಿ, ಪ್ರತಿ ತೂತಿನ ಬಾಯಲ್ಲೂ ಎದ್ದಿರುವ ಮುಳ್ಳನ್ನು ತೆಗೆಯಬೇಕು. ಅದಕ್ಕೆ ಯಂತ್ರ ಬೇಡ. ದಪ್ಪ ಡ್ರಿಲ್ ಬಿಟ್ಟನ್ನು ಬೆರಳಲ್ಲಿ ಹಿಡಿದು ಒಂದು ಸುತ್ತು ತಿರುಗಿಸಿದರೆ ಸಾಕು. ಅಂಚುಗಳಿಗೆ ಅರ ಹಾಕಿದ ಮೇಲೆ ಅಮ್ಮನ ಹಳೆಯ ಹತ್ತಿ ಸೀರೆಯ ತುಂಡನ್ನು ಅವುಗಳ ಮೇಲೆ ಎಳೆಯುತ್ತೇನೆ. ಒಂದು ಎಳೆ ಸಿಕ್ಕಿಕೊಂಡರೂ ಆ ಜಾಗಕ್ಕೆ ಮತ್ತೆ ಅರ ಬೀಳುತ್ತದೆ. ಇದು ಅತಿಯಾಯಿತು ಎನ್ನಿಸಬಹುದು. ಆದರೆ 1954ರಲ್ಲಿ ಎರಡು ಕಾಮೆಟ್ ಪ್ರಯಾಣಿಕ ವಿಮಾನಗಳು ಆಕಾಶದಲ್ಲೇ ಒಡೆದುಹೋದವು. ಮತ್ತೆ ಮತ್ತೆ ಹಿಗ್ಗಿ ಕುಗ್ಗಿ ದಣಿದ ಲೋಹದ ಹೊದಿಕೆಯಲ್ಲಿ, ಕಿಟಕಿಯಂಥ ರಂಧ್ರಗಳ ಮೂಲೆಯಲ್ಲಿ ಬಿರುಕು ಹಬ್ಬಿದ್ದು ತನಿಖೆಯಲ್ಲಿ ಕಂಡುಬಂದಿತು. ಅದನ್ನು ಓದಿದ ಮೇಲೆ ಒಂದು ತೂತನ್ನೂ ಹಾಗೇ ಬಿಡಲು ನನಗೆ ಮನಸ್ಸಾಗುವುದಿಲ್ಲ.

ಇದೇ ಜಿಲ್ಲೆಯ ಗುಬ್ಬಿ ತಾಲ್ಲೂಕಿನ ಬಿದರೆಹಳ್ಳ ಕಾವಲಿನಲ್ಲಿ ಎಚ್‌ಎಎಲ್‌ನ ಹೆಲಿಕಾಪ್ಟರ್ ಕಾರ್ಖಾನೆ 2023ರ ಫೆಬ್ರುವರಿಯಲ್ಲಿ ಉದ್ಘಾಟನೆಯಾಯಿತು. ಅಲ್ಲಿನ ದೊಡ್ಡ ಕೆಲಸದ ಪಕ್ಕದಲ್ಲಿ ನಮ್ಮದನ್ನು ಇಡಲಾಗದು. ನಾಗರಿಕ ವಿಮಾನಯಾನ ಮಹಾನಿರ್ದೇಶನಾಲಯದ ಅನುಮತಿಯಿಲ್ಲದೆ ಇದು ನೆಲ ಬಿಡುವಂತೆಯೂ ಇಲ್ಲ, ಆದ್ದರಿಂದ ಪ್ರತಿ ಹಂತದ ಚಿತ್ರ ಮತ್ತು ದಿನಾಂಕವನ್ನು ಪುಸ್ತಕದಲ್ಲಿ ದಾಖಲಿಸುತ್ತಿದ್ದೇನೆ.

ಈಗ ಹೊದಿಕೆಯ ಮೊದಲ ರಿವೆಟ್. ಗನ್ನಿನ ಹಿಡಿಯನ್ನು ತಂದೆಯವರು ಅದುಮುತ್ತಿದ್ದಾರೆ. ಟಕ್ ಎಂದು ಒಳಗಿನ ಕಡ್ಡಿ ತುಂಡಾಗಿ ಬಂದ ಸದ್ದು ನಿಮಗೂ ಕೇಳಿಸಿರಬೇಕು. ರಿವೆಟ್ಟಿನ ತಲೆಯ ಸುತ್ತ ಉಗುರು ಆಡಿಸಿ, ಸಂದಿಯಿಲ್ಲವೆಂದು ಖಚಿತಪಡಿಸಿಕೊಂಡು, ಅವರು ಮುಂದಿನ ತೂತನ್ನು ಗುರುತಿಸಲು ಕಿವಿಯ ಮೇಲೆ ಕೈಯಿಡುತ್ತಾರೆ. ಅಲ್ಲಿ ಈಗ ಇರುವುದು ಮಾರ್ಕರ್ ಪೆನ್ನು.