ಒಂದು ಕಾಡು, ಒಂದು ಕೆರೆ, ಒಂದು ಕಡಲು

ಕೇಳುಗರಿಗೆಲ್ಲ ನಮಸ್ಕಾರ.

ಈಗೀಗ ನಮ್ಮ ಕಡೆಯಿಂದ ಕೀನ್ಯಾಕ್ಕೆ ಸಫಾರಿಗೆ ಹೋಗುವವರು ಜಾಸ್ತಿಯಾಗಿದ್ದಾರೆ. ಮೊದಲೆಲ್ಲ ಕ್ಯಾಮೆರಾ ಹುಚ್ಚಿನವರು ಮಾತ್ರ ಹೋಗುತ್ತಿದ್ದರು. ಈಗ ಅಪ್ಪ, ಅಮ್ಮ, ಮಕ್ಕಳು, ಜೊತೆಗೆ ಅಜ್ಜಿ, ತಾತ ಎಲ್ಲರೂ ಹೊರಡುತ್ತಾರೆ. ಮುಂಬಯಿಯಿಂದ ನೈರೋಬಿಗೆ ವಿಮಾನದಲ್ಲಿ ಆರು ಗಂಟೆ ಚಿಲ್ಲರೆ, ಅಷ್ಟೇ. ಇಂಥ ಪ್ರವಾಸಗಳನ್ನು ಏರ್ಪಾಡು ಮಾಡಿ, ಜನರನ್ನು ಜೊತೆಗೆ ಕರೆದುಕೊಂಡು ಹೋಗುವುದು ನನ್ನ ಕೆಲಸ. ‘ಒಂದು ಸಲವಾದರೂ ಹೋಗಿ ಬರಬೇಕು’ ಅಂತ ದುಡ್ಡು ಕೂಡಿಡುತ್ತಿರುವವರು ಈ ಹೊತ್ತಿನಲ್ಲಿ ರೇಡಿಯೊ ಹಾಕಿಕೊಂಡು ಕೂತಿದ್ದರೆ, ನನ್ನ ಮಾತು ನಿಮಗೇ.

ನನ್ನ ಹತ್ತಿರ ಬರುವವರು ಕೈಯಲ್ಲಿ ಒಂದು ಪಟ್ಟಿ ಹಿಡಿದುಕೊಂಡೇ ಬರುತ್ತಾರೆ. ಅಂಬೋಸೆಲಿ, ತ್ಸಾವೋ, ನೈವಾಶಾ, ನಕುರು, ಮಸಾಯ್ ಮಾರಾ, ಮೊಂಬಾಸಾ. ಆರು ರಾತ್ರಿ, ಆರು ಜಾಗ. ‘ಅಷ್ಟು ದೂರ ಹೋಗ್ತೀವಲ್ಲ ಸಾರ್, ಎಲ್ಲಾ ನೋಡಿಬಿಡೋಣ’ ಅನ್ನುತ್ತಾರೆ. ನಾನು ಪೆನ್ನು ತೆಗೆದು ಆ ಪಟ್ಟಿಯಲ್ಲಿ ಮೂರು ಹೆಸರು ಹೊಡೆದು ಹಾಕುತ್ತೇನೆ. ಉಳಿದದ್ದು ಮೂರು. ಒಂದು ಕಾಡು, ಒಂದು ಕೆರೆ, ಒಂದು ಕಡಲು. ಇವತ್ತು ನಾನು ಹೇಳಲು ಬಂದಿರುವುದು ಇದನ್ನೇ. ಒಂದೊಂದು ಕಡೆ ಎರಡು ಮೂರು ರಾತ್ರಿ ನಿಲ್ಲಿ. ಜಾಗ ಕಡಿಮೆ ಮಾಡಿ, ದಿನ ಜಾಸ್ತಿ ಮಾಡಿ.

ಯಾಕೆ ಅಂತ ಕೇಳಿ. ನಕಾಶೆಯಲ್ಲಿ ಈ ಜಾಗಗಳೆಲ್ಲ ಅಕ್ಕಪಕ್ಕ ಇದ್ದ ಹಾಗೆ ಕಾಣುತ್ತವೆ. ನೆಲದ ಮೇಲೆ ಹಾಗಿಲ್ಲ. ನೈರೋಬಿಯಿಂದ ಮಸಾಯ್ ಮಾರಾಕ್ಕೆ ರಸ್ತೆಯಲ್ಲಿ ಐದಾರು ಗಂಟೆ. ಅಂಬೋಸೆಲಿ ಇರುವುದು ದಕ್ಷಿಣಕ್ಕೆ, ಮಾರಾ ಇರುವುದು ಪಶ್ಚಿಮಕ್ಕೆ. ಒಂದರಿಂದ ಇನ್ನೊಂದಕ್ಕೆ ಹೋಗಬೇಕಾದರೆ ಇಡೀ ದಿನ ವ್ಯಾನಿನಲ್ಲೇ ಕಳೆಯುತ್ತದೆ. ಪ್ರಾಣಿಗಳು ಓಡಾಡುವುದು ಬೆಳಗಿನ ಹೊತ್ತು ಮತ್ತು ಇಳಿಹೊತ್ತು. ಬೆಳಗ್ಗೆ ಆರೂವರೆಗೆ ಸಿಂಹ ಬೇಟೆ ಮುಗಿಸಿ, ಮೂತಿ ನೆಕ್ಕಿಕೊಳ್ಳುತ್ತಾ ಹುಲ್ಲಿನಲ್ಲಿ ಕೂತಿರುತ್ತದೆ. ನೀವು ಆ ಹೊತ್ತಿಗೆ ರೂಮು ಖಾಲಿ ಮಾಡಿ, ರಿಸೆಪ್ಶನ್ ಮುಂದೆ ಸೂಟ್‌ಕೇಸ್ ಎಣಿಸುತ್ತಾ ನಿಂತಿರುತ್ತೀರಿ. ದಿನಕ್ಕೊಂದು ಜಾಗ ಅಂದರೆ ದಿನಕ್ಕೊಂದು ಬೆಳಗು ಕಳೆದುಕೊಂಡ ಹಾಗೆ.

ಮೊದಲು ಕಾಡು. ಮಸಾಯ್ ಮಾರಾ ನಮ್ಮ ನಾಗರಹೊಳೆಯಂಥ ದಟ್ಟ ಕಾಡಲ್ಲ, ಸುಮಾರು 1,500 ಚದರ ಕಿಲೋಮೀಟರಿನ ಹುಲ್ಲುಗಾವಲು. ಮರೆ ಕಡಿಮೆ, ಹಾಗಾಗಿ ಪ್ರಾಣಿ ದೂರದಿಂದಲೇ ಕಾಣುತ್ತದೆ. ಪಕ್ಕದ ತಾಂಜಾನಿಯಾದ ಸೆರೆಂಗೆಟಿ ಬಯಲಿನಿಂದ, ನೋಡಲು ದನದ ಹಾಗಿರುವ, ಹತ್ತು ಲಕ್ಷಕ್ಕೂ ಮೀರಿದ ವೈಲ್ಡ್‌ಬೀಸ್ಟ್‌ಗಳು, ಅವುಗಳ ಜೊತೆ ಲಕ್ಷಗಟ್ಟಲೆ ಜೀಬ್ರಾ, ಮಳೆ ಮತ್ತು ಹುಲ್ಲಿನ ಬೆನ್ನು ಹತ್ತಿ ವರ್ಷವಿಡೀ ಸುತ್ತುತ್ತವೆ. ಅದರಲ್ಲಿ ದೊಡ್ಡ ಪಾಲು ಜುಲೈಯಿಂದ ಅಕ್ಟೋಬರ್‌ವರೆಗೆ ಮಾರಾ ಕಡೆ ಇರುತ್ತದೆ.

ಇಲ್ಲೊಂದು ಮಾತು, ದಯವಿಟ್ಟು ಬರೆದಿಟ್ಟುಕೊಳ್ಳಿ. ನಮ್ಮ ಮಕ್ಕಳ ಬೇಸಿಗೆ ರಜೆ ಏಪ್ರಿಲ್, ಮೇ ತಿಂಗಳಲ್ಲಿ. ಕೀನ್ಯಾದಲ್ಲಿ ಅದು ದೊಡ್ಡ ಮಳೆಗಾಲ. ಕಪ್ಪು ಮಣ್ಣಿನ ದಾರಿಯಲ್ಲಿ ಗಾಡಿ ಹೂತುಕೊಳ್ಳುತ್ತದೆ, ಹುಲ್ಲು ಎದೆಮಟ್ಟ ಬೆಳೆದಿರುತ್ತದೆ, ಕಡಲತೀರದ ಕೆಲವು ಹೋಟೆಲುಗಳು ಬಾಗಿಲು ಹಾಕಿರುತ್ತವೆ. ಆದರೂ ಪ್ರತಿ ವರ್ಷ ‘ಮೇ ತಿಂಗಳಲ್ಲೇ ರಜೆ ಸಾರ್’ ಅನ್ನುವವರು ಬರುತ್ತಾರೆ. ದಸರಾ ರಜೆ ಇದೆಯಲ್ಲ? ಆ ಹೊತ್ತಿಗೆ ಹಿಂಡುಗಳು ಇನ್ನೂ ಮಾರಾದಲ್ಲೇ ಇರುತ್ತವೆ. ಕರ್ನಾಟಕದ ಸಂಸಾರಗಳಿಗೆ ದಸರಾ ರಜೆಯಷ್ಟು ಹೊಂದುವ ಸಮಯ ಇನ್ನೊಂದಿಲ್ಲ. ಜನವರಿ, ಫೆಬ್ರವರಿಯಲ್ಲಿ ಹೋಗುವವರಾದರೆ ಮಾರಾ ಬಿಡಿ, ಅಂಬೋಸೆಲಿ ಆರಿಸಿ. ಬೆಳಗ್ಗೆ ಬೇಗ ಎದ್ದರೆ ಗಡಿಯಾಚೆಯ ಕಿಲಿಮಂಜಾರೊ ಶಿಖರ ಮೋಡ ಬಿಟ್ಟುಕೊಂಡು ನಿಂತಿರುತ್ತದೆ, ಅದರ ಮುಂದೆ ಆನೆಗಳ ಸಾಲು. ಆದರೆ ಎರಡೂ ಬೇಕು ಅನ್ನಬೇಡಿ. ಒಂದೇ ಕಾಡು.

ಒಂದು ಪ್ರಸಂಗ ಹೇಳುತ್ತೇನೆ. ಇದನ್ನು ಎಲ್ಲಿ ಮಾತಾಡಿದರೂ ಹೇಳುತ್ತೇನೆ.

ಆಗಸ್ಟ್ ತಿಂಗಳು. ಹಾಸನದ ಕಡೆಯ ಒಂದು ಕುಟುಂಬ ನನ್ನ ಜೊತೆ ಬಂದಿತ್ತು. ಅವರಲ್ಲಿ ಒಬ್ಬರು ಅಜ್ಜಿ, ಎಪ್ಪತ್ತು ದಾಟಿದವರು. ಮಂಡಿನೋವು. ಗಾಡಿ ಹತ್ತುವಾಗ ಡ್ರೈವರ್ ಕೆಳಗೊಂದು ಸ್ಟೂಲ್ ಇಟ್ಟು, ಕೈ ಹಿಡಿದು ಹತ್ತಿಸುತ್ತಿದ್ದ. ಮಾರಾ ಎತ್ತರದ ಜಾಗ, ಬೆಳಗ್ಗೆ ಚಳಿ ಕೊರೆಯುತ್ತದೆ. ಅಜ್ಜಿ ಸೀರೆ ಮೇಲೆ ಸ್ವೆಟರ್, ಅದರ ಮೇಲೆ ಶಾಲು, ಕಾಲಿಗೆ ಮಗನ ಸಾಕ್ಸ್ ಹಾಕಿಕೊಂಡು, ತೊಡೆ ಮೇಲೆ ಸ್ಟೀಲ್ ಡಬ್ಬಿ ಇಟ್ಟುಕೊಂಡು ಕೂತಿದ್ದರು. ಡಬ್ಬಿ ತುಂಬ ಕೋಡುಬಳೆ. ಡ್ರೈವರ್‌ಗೆ ಕನ್ನಡದಲ್ಲೇ ‘ತಗೊಳಪ್ಪಾ’ ಅನ್ನುತ್ತಿದ್ದರು, ಅವನೂ ತೆಗೆದುಕೊಳ್ಳುತ್ತಿದ್ದ.

ನಾವು ಮಾರಾ ನದಿಯ ದಡಕ್ಕೆ ಬಂದಾಗ ಆಚೆ ದಡದಲ್ಲಿ ಸಾವಿರಾರು ವೈಲ್ಡ್‌ಬೀಸ್ಟ್ ಒತ್ತಿಕೊಂಡು ನಿಂತಿದ್ದವು. ನದಿ ಅಂಥ ದೊಡ್ಡದೇನಲ್ಲ. ಮಳೆಗಾಲದಲ್ಲಿ ನಮ್ಮ ಹೇಮಾವತಿ ಅದಕ್ಕಿಂತ ಅಗಲ ಹರಿಯುತ್ತಾಳೆ. ಆದರೆ ದಡ ಗೋಡೆಯ ಹಾಗೆ ಕಡಿದು. ನೀರಿನಲ್ಲಿ ಮೊಸಳೆಯ ಮೂಗಿನ ತುದಿ ಒಂದು ಕಡೆ, ಎರಡು ಕಣ್ಣು ಇನ್ನೊಂದು ಕಡೆ ಕಾಣುತ್ತಿತ್ತು. ಮುಂದಿನ ಸಾಲಿನವು ಅಂಚಿನವರೆಗೆ ಬರುತ್ತಿದ್ದವು. ಕುತ್ತಿಗೆ ಚಾಚಿ ನೀರು ಮೂಸುತ್ತಿದ್ದವು. ಹಿಂದಿನಿಂದ ನೂಕು. ಈಗ ಹಾರುತ್ತವೆ ಅನ್ನುವಷ್ಟರಲ್ಲಿ ಒಂದು ಜೀಬ್ರಾ ಕೂಗಿತು, ಇಡೀ ಹಿಂಡು ತಿರುಗಿ ಧೂಳೆಬ್ಬಿಸಿಕೊಂಡು ಓಡಿತು. ಸ್ವಲ್ಪ ಹೊತ್ತಿಗೆ ಮತ್ತೆ ಬಂದವು. ಮತ್ತೆ ಮೂಸಿದವು. ಮತ್ತೆ ಓಡಿದವು.

ಹನ್ನೊಂದು ಗಂಟೆ ಹೊತ್ತಿಗೆ ಅಕ್ಕಪಕ್ಕದ ವ್ಯಾನುಗಳು ಒಂದೊಂದೇ ಹೊರಟವು. ಅವರೆಲ್ಲ ಸಂಜೆಯೊಳಗೆ ನಕುರು ಮುಟ್ಟಬೇಕಿತ್ತು. ನಮ್ಮ ಅಜ್ಜಿಯ ಮಗನಿಗೂ ಕೂತು ಸಾಕಾಗಿತ್ತು. ‘ನಾವೂ ಬೇರೆ ಕಡೆ ಹೋಗೋಣ್ವಾ ಸಾರ್?’ ಅಂದರು. ನಾನು ಬಾಯಿ ತೆರೆಯುವ ಮೊದಲೇ ಅಜ್ಜಿ ಹೇಳಿದರು: ‘ಎಲ್ಲಿಗೆ ಹೋಗ್ತೀಯೋ? ದನ ಹೊಳೆ ದಾಟೋದನ್ನ ನಾನು ಚಿಕ್ಕಂದಿನಿಂದ ನೋಡಿದೀನಿ. ಮೊದಲನೇದು ಇಳಿಯೋ ತನಕ ಒಂದೂ ಇಳಿಯಲ್ಲ. ಮೊದಲನೇದು ಇಳಿದ್ರೆ ಒಂದೂ ನಿಲ್ಲಲ್ಲ. ಸುಮ್ನೆ ಕೂತ್ಕೋ.’

ಆ ದಿನ ಅವು ಇಳಿಯಲೇ ಇಲ್ಲ. ಸಂಜೆ ಆರಕ್ಕೆ ಗೇಟು ಮುಚ್ಚುತ್ತದೆ, ವಾಪಸ್ ಬಂದೆವು. ನಮಗೆ ಮಾರಾದಲ್ಲಿ ಇನ್ನೂ ದಿನ ಉಳಿದಿತ್ತು. ಮರುದಿನ ಊಟ ಕಟ್ಟಿಸಿಕೊಂಡು ಅದೇ ದಡಕ್ಕೆ ಹೋದೆವು. ಮಧ್ಯಾಹ್ನದ ಬಿಸಿಲು ಏರಿದಾಗ ಒಂದು ಹಾರಿತು. ಒಂದೇ ಒಂದು. ಅಷ್ಟೇ ನೋಡಿ. ಅಜ್ಜಿ ಹೇಳಿದ ಹಾಗೇ ಮಿಕ್ಕಿದ್ದೆಲ್ಲ ಹಿಂದೆಯೇ ಧುಮುಕಿದವು. ಒಂದರ ಮೇಲೊಂದು ಬಿದ್ದು, ಎದ್ದು, ಬರೀ ತಲೆ ಮತ್ತು ಕೊಂಬು ಮೇಲಿಟ್ಟುಕೊಂಡು ಈಜಿ ಬಂದವು. ಆ ಸದ್ದು ಯಾವ ಟಿವಿಯಲ್ಲೂ ಕೇಳುವುದಿಲ್ಲ. ಸಾವಿರಾರು ಗಂಟಲು ಒಟ್ಟಿಗೆ ಹೂಂಕರಿಸುತ್ತವೆ, ಗಾಡಿಯ ಬಾಗಿಲ ಮೇಲೆ ಕೈ ಇಟ್ಟರೆ ಅದುರುವುದು ತಿಳಿಯುತ್ತದೆ. ನಮ್ಮ ಹತ್ತಿರವೇ ಒಂದು ಕರು ಕೆಸರಿನಲ್ಲಿ ಸಿಕ್ಕಿಕೊಂಡಿತು. ಮುಂಗಾಲು ಎತ್ತುತ್ತದೆ, ಜಾರುತ್ತದೆ. ತಾಯಿ ಮೇಲೆ ಹತ್ತಿ ಹೋಗಿತ್ತು, ತಿರುಗಿ ಅಂಚಿಗೆ ಬಂದು ನಿಂತು ಕೂಗುತ್ತಿತ್ತು. ಹಿಂದಿನಿಂದ ಬಂದ ಒಂದು ದೊಡ್ಡದು ಗುದ್ದಿದ ರಭಸಕ್ಕೆ ಕರು ಕೆಸರಿನಿಂದ ಬಿಡಿಸಿಕೊಂಡು ಮೇಲೆ ಬಂತು. ಅಜ್ಜಿ ಕೈಯಲ್ಲಿ ಅರ್ಧ ತಿಂದ ಕೋಡುಬಳೆ ಹಾಗೇ ಇತ್ತು. ಡ್ರೈವರ್ ಹಿಂತಿರುಗಿ ಅಜ್ಜಿಯ ಮುಖ ನೋಡಿ ನಕ್ಕ. ಅವನು ಗಾಡಿಯನ್ನು ದಡದಿಂದ ಸಾಕಷ್ಟು ಹಿಂದೆಯೇ ನಿಲ್ಲಿಸಿದ್ದ. ನಿಯಮ ಅದು, ಪ್ರಾಣಿ ಮೇಲೆ ಹತ್ತುವ ದಾರಿಗೆ ಗಾಡಿ ಅಡ್ಡ ಬರಬಾರದು. ನಿಮ್ಮ ಡ್ರೈವರ್‌ಗೆ ‘ಇನ್ನೂ ಹತ್ತಿರ ಹೋಗು’ ಅಂತ ದಯವಿಟ್ಟು ಒತ್ತಾಯ ಮಾಡಬೇಡಿ.

ಎಲ್ಲಾ ಸೇರಿ ಇಪ್ಪತ್ತು ನಿಮಿಷವೂ ಇರಲಿಲ್ಲ. ಅಲ್ಲಿ ಎರಡನೇ ದಿನ ನಿಂತವರಿಗೆ ಅದು ಸಿಕ್ಕಿತು. ನಕುರುಗೆ ಓಡಿದವರಿಗೆ ಸಿಗಲಿಲ್ಲ. ಮಾರಾದಲ್ಲಿ ಮೂರು ರಾತ್ರಿ ಅಂತ ನಾನು ಹಟ ಹಿಡಿಯುವುದು ಇದಕ್ಕೇ. 2024ರಿಂದ ಅಲ್ಲಿನ ಪ್ರವೇಶ ಶುಲ್ಕವೂ ಏರಿದೆ. ಜುಲೈಯಿಂದ ಡಿಸೆಂಬರ್‌ವರೆಗೆ ಹೊರದೇಶದ ದೊಡ್ಡವರಿಗೆ ದಿನಕ್ಕೆ ತಲಾ 200 ಡಾಲರ್. ಅಷ್ಟು ಕೊಟ್ಟ ಮೇಲೆ ಆ ದಿನವನ್ನು ಪೂರ್ತಿ ಕಾಡಿನಲ್ಲೇ ಕಳೆಯಬೇಕು, ಅರ್ಧ ದಿನ ನೋಡಿ ಹೆದ್ದಾರಿ ಹಿಡಿಯುವುದಲ್ಲ.

ಸರಿ, ಇನ್ನು ಕೆರೆ. ರಿಫ್ಟ್ ಕಣಿವೆಯ ಉದ್ದಕ್ಕೂ ದೊಡ್ಡ ದೊಡ್ಡ ಸರೋವರಗಳಿವೆ. ಎಲ್ಲರೂ ಕೇಳುವುದು ನಕುರು. ಯಾಕೆಂದರೆ ಗುಲಾಬಿ ಬಣ್ಣದ ಫ್ಲೆಮಿಂಗೊಗಳು ದಡ ಮುಚ್ಚಿ ನಿಂತ ಫೋಟೊ ಎಲ್ಲರೂ ನೋಡಿದ್ದಾರೆ. ಆ ಫೋಟೊಗಳಲ್ಲಿ ಹೆಚ್ಚಿನವು ಹಳೆಯವು. 2010ರ ನಂತರ ಈ ಕಣಿವೆಯ ಸರೋವರಗಳಲ್ಲಿ ನೀರು ಏರುತ್ತಾ ಬಂತು. ನಕುರು ಪಾರ್ಕಿನ ಹಳೆಯ ಮುಖ್ಯ ಗೇಟೇ ಮುಳುಗಿತು. ಫ್ಲೆಮಿಂಗೊ ತಿನ್ನುವ ಪಾಚಿ ಬೆಳೆಯುವುದು ಉಪ್ಪು, ಕ್ಷಾರ ಜಾಸ್ತಿ ಇರುವ ನೀರಿನಲ್ಲಿ. ಸಿಹಿನೀರು ಬೆರೆತಾಗ ಪಾಚಿ ಕಡಿಮೆಯಾಯಿತು, ಹಕ್ಕಿಗಳು ಉತ್ತರದ ಬೊಗೋರಿಯಾ ಸರೋವರದ ಕಡೆ ಹಾರಿದವು. ನಕುರು ಈಗ ಖಡ್ಗಮೃಗ ನೋಡಲು ಒಳ್ಳೆಯ ಜಾಗ. ಬರೀ ಫ್ಲೆಮಿಂಗೊ ಆಸೆಗೆ ಹೋದರೆ ಬೇಜಾರಾಗುತ್ತದೆ.

ಸಂಸಾರ ಸಮೇತ ಹೋಗುವವರಿಗೆ ನನ್ನ ಆಯ್ಕೆ ನೈವಾಶಾ. ಸಿಹಿನೀರಿನ ಸರೋವರ, ನೈರೋಬಿಯಿಂದ ಎರಡು ಗಂಟೆಯೊಳಗಿನ ದಾರಿ. ಮಾರಾದಲ್ಲಿ ಗಾಡಿಯಿಂದ ಕೆಳಗೆ ಕಾಲಿಡುವ ಹಾಗಿಲ್ಲ, ಮಕ್ಕಳಿಗೆ ಕೂತು ಕೂತು ಸಾಕಾಗಿರುತ್ತದೆ. ಇಲ್ಲಿ ದೋಣಿ ಇದೆ. ಏರಿದ ನೀರಿನಲ್ಲಿ ಒಣಗಿ ನಿಂತ ಮರಗಳ ನಡುವೆ ದೋಣಿ ಹೋಗುತ್ತದೆ, ಕೊಂಬೆಗೊಂದು ನೀರುಕಾಗೆ ರೆಕ್ಕೆ ಹರಡಿಕೊಂಡು ಕೂತಿರುತ್ತದೆ. ನಮ್ಮ ಕೊಕ್ಕರೆ ಬೆಳ್ಳೂರಿನವರು ಹೆಜ್ಜಾರ್ಲೆ ಅನ್ನುತ್ತಾರಲ್ಲ, ಅದೇ ಬಳಗದ ಬಿಳಿ ಹಕ್ಕಿಗಳು ಅಲ್ಲೂ ಇವೆ. ಕ್ರೆಸೆಂಟ್ ಐಲ್ಯಾಂಡ್ ಅನ್ನುವ ಕಡೆ ಸಿಂಹ, ಚಿರತೆ ಇಲ್ಲ. ಹಾಗಾಗಿ ಜಿರಾಫೆ, ಜೀಬ್ರಾಗಳ ನಡುವೆ ನಡೆದುಕೊಂಡೇ ಓಡಾಡಬಹುದು. ಆದರೆ ಹಿಪ್ಪೋ ಇದೆ, ಹುಷಾರು. ಕತ್ತಲಾದ ಮೇಲೆ ಅವು ಹುಲ್ಲು ಮೇಯಲು ಲಾಡ್ಜಿನ ಅಂಗಳಕ್ಕೇ ಬರುತ್ತವೆ. ಊಟಕ್ಕೆ ಹೋಗಲು, ಬರಲು ಕಾವಲುಗಾರ ಟಾರ್ಚ್ ಹಿಡಿದು ಜೊತೆಗೆ ಬರುತ್ತಾನೆ. ಅವನನ್ನು ಬಿಟ್ಟು ನಡೆಯಬೇಡಿ.

ಒಂದು ಕಾಡಾಯಿತು, ಒಂದು ಕೆರೆಯಾಯಿತು. ಕಡಲು ಕೊನೆಗೇ ಇರಲಿ. ಧೂಳು, ಬೆಳಗಿನ ಜಾವದ ಎಚ್ಚರ ಎಲ್ಲಾ ಆದ ಮೇಲೆ ಮೈಗೆ ಬೇಕಾಗಿರುವುದು ಅದೇ. ಮೊಂಬಾಸಾ ಊರೊಳಗೆ ಉಳಿಯಬೇಡಿ, ಅದರ ದಕ್ಷಿಣಕ್ಕಿರುವ ಡಿಯಾನಿಗೆ ಹೋಗಿ. ಸ್ವಲ್ಪ ದೂರದಲ್ಲಿ ಹವಳದ ದಿಬ್ಬ ಅಲೆಯನ್ನು ತಡೆಯುತ್ತದೆ, ಹಾಗಾಗಿ ದಡದ ನೀರು ಶಾಂತ. ಇಳಿತದ ಹೊತ್ತಿನಲ್ಲಿ ನೀರು ಬಹಳ ಹಿಂದೆ ಸರಿಯುತ್ತದೆ, ಈಜಬೇಕಾದರೆ ಭರತದ ಹೊತ್ತು ಹೋಟೆಲಿನಲ್ಲಿ ಕೇಳಿಕೊಳ್ಳಿ. ಕಾಲಿಗೆ ರಬ್ಬರ್ ಚಪ್ಪಲಿ ಬೇಕೇ ಬೇಕು, ಮೈತುಂಬ ಮುಳ್ಳಿರುವ ಜೀವಿಗಳು ಬಂಡೆ ಸಂದಿಯಲ್ಲಿರುತ್ತವೆ. ನೈರೋಬಿಯಿಂದ ಮೊಂಬಾಸಾಕ್ಕೆ 2017ರಿಂದ ಹೊಸ ರೈಲಿದೆ, ಅದು ತ್ಸಾವೋ ಕಾಡಿನ ಮಧ್ಯದಲ್ಲೇ ಹಾದು ಹೋಗುತ್ತದೆ. ಕಿಟಕಿಯಿಂದ ಕೆಂಪು ಮಣ್ಣು ಮೆತ್ತಿಕೊಂಡ ಆನೆಗಳು ಕಾಣುತ್ತವೆ. ತ್ಸಾವೋ ಬಿಟ್ಟುಹೋಯಿತು ಅಂತ ಕೊರಗುವವರಿಗೆ ಅಷ್ಟು ಸಾಕು. 1896ರಲ್ಲಿ ಶುರುವಾದ ಹಳೆಯ ರೈಲುಮಾರ್ಗಕ್ಕೆ ಬೆವರು ಸುರಿಸಿದವರಲ್ಲಿ ಸಾವಿರಾರು ಜನ ಭಾರತದಿಂದ ಹೋದ ಕೂಲಿಗಳು. ಅದರ ಬಗ್ಗೆ ಮಾತಾಡಲು ಇನ್ನೊಂದು ದಿನವೇ ಬೇಕು.

ಗಾಜಿನ ಆಚೆಯಿಂದ ಕೈಸನ್ನೆ ಆಗುತ್ತಿದೆ, ಸಮಯ ಮುಗಿಯುತ್ತಾ ಬಂತು. ಬೇಗ ಬೇಗ ಹೇಳುತ್ತೇನೆ. ಊಟದ ಚಿಂತೆ ಬೇಡ, ಚಪಾತಿ, ಚಹಾ ಕೀನ್ಯಾದವರ ದಿನನಿತ್ಯದ ತಿಂಡಿ, ಬೇಳೆ, ಹುರುಳಿಕಾಯಿ, ಸೊಪ್ಪು ಎಲ್ಲಾ ಸಿಗುತ್ತದೆ. ತಿಂಡಿ ಒಯ್ಯುವವರು ಪ್ಲಾಸ್ಟಿಕ್ ಕವರಿನಲ್ಲಿ ಕಟ್ಟಬೇಡಿ, ಅಲ್ಲಿ 2017ರಿಂದ ನಿಷೇಧ. ಸ್ಟೀಲ್ ಡಬ್ಬಿ, ಬಟ್ಟೆ ಚೀಲ ಸಾಕು. ಮಾರಾಕ್ಕೆ ಚಿಕ್ಕ ವಿಮಾನದಲ್ಲಿ ಹೋಗುವವರು ಗಟ್ಟಿ ಸೂಟ್‌ಕೇಸ್ ಒಯ್ಯಬೇಡಿ, ಮೆತ್ತನೆಯ ಬ್ಯಾಗು, ಹದಿನೈದು ಕಿಲೋ ಒಳಗೆ. ಹಳೆಯ ವೀಸಾ ಪದ್ಧತಿ 2024ರಲ್ಲಿ ಹೋಯಿತು, ಈಗ ಆನ್‌ಲೈನ್‌ನಲ್ಲೇ ಮೊದಲು ಅನುಮತಿ ಪಡೆಯಬೇಕು. ಮಲೇರಿಯಾ ಮಾತ್ರೆ ಬಗ್ಗೆ ನಿಮ್ಮ ಡಾಕ್ಟರನ್ನು ಕೇಳಿ. ಯಾರಾದರೂ ಏಜೆಂಟರು ‘ಅದೇ ದುಡ್ಡಿಗೆ ಇನ್ನೆರಡು ಪಾರ್ಕ್ ಸೇರಿಸಿ ಕೊಡ್ತೀನಿ’ ಅಂದರೆ, ‘ಬೇಡಪ್ಪ, ಅದೇ ದುಡ್ಡಿಗೆ ಇದೇ ಜಾಗದಲ್ಲಿ ಇನ್ನೊಂದು ರಾತ್ರಿ ಕೊಡು’ ಅನ್ನಿ.

ಹಳದಿ ಜ್ವರದ ಚುಚ್ಚುಮದ್ದನ್ನು ಹೊರಡುವುದಕ್ಕೆ ಹತ್ತು ದಿನ ಮೊದಲೇ ಹಾಕಿಸಿಕೊಂಡಿರಬೇಕು. ಸರ್ಕಾರ ಗೊತ್ತು ಮಾಡಿದ ಕೇಂದ್ರಗಳಲ್ಲಿ ಮಾತ್ರ ಹಾಕುತ್ತಾರೆ, ಕೊನೇ ಗಳಿಗೆಯಲ್ಲಿ ಸರದಿ ಸಿಗುವುದು ಕಷ್ಟ. ಅರವತ್ತು ದಾಟಿದವರು ಮೊದಲು ಡಾಕ್ಟರ್ ಹತ್ತಿರ ಮಾತಾಡಿ. ಚುಚ್ಚುಮದ್ದು ಹಾಕುವ ಕೇಂದ್ರದಲ್ಲಿ ಕೊಡುವ ಹಳದಿ ಕಾರ್ಡ್ ಇಲ್ಲದೆ ವಾಪಸ್ ಬಂದರೆ ನಮ್ಮ ವಿಮಾನ ನಿಲ್ದಾಣದಲ್ಲೇ ತಡೆದು ಆರು ದಿನದವರೆಗೆ ಪ್ರತ್ಯೇಕವಾಗಿ ಇರಿಸಬಹುದು. ಕಾರ್ಡನ್ನು ಪಾಸ್‌ಪೋರ್ಟ್ ಒಳಗೇ ಇಟ್ಟು, ಆ ಚೀಲ ಕೈಯಲ್ಲೇ ಇರಲಿ, ಲಗೇಜಿಗೆ ಹಾಕಬೇಡಿ. ನಮಸ್ಕಾರ.