ಸುರಮಯಿ ಕಶೀ ದಿಲೀ?

ಮುಂಬಯಿಯ ಕನ್ನಡ ಕೇಳುಗರೆಲ್ಲರಿಗೂ ನಮಸ್ಕಾರ. ರೇಡಿಯೋ ಹಚ್ಚಿಟ್ಟು ಚಪಾತಿ ಲಟ್ಟಿಸುತ್ತಿರುವ ಅಮ್ಮಂದಿರಿಗೆ ಒಂದು ನಮಸ್ಕಾರ ಜಾಸ್ತಿ. ಇವತ್ತಿನ ಮಾತು ನಿಮಗೇ.

ಇಪ್ಪತ್ತಾರು ವರ್ಷ ಮಕ್ಕಳಿಗೆ ಭಾಷೆ ಕಲಿಸಿದ್ದೇನೆ. ಸಿಕ್ಕಿದವರೆಲ್ಲ ಕೇಳುವುದು ಒಂದೇ. "ಟೀಚರ್, ನನಗೆ ನಲವತ್ತೈದು ಆಯ್ತು, ಇನ್ನು ಮರಾಠಿ ಬರುತ್ತಾ?" ಬರುತ್ತೆ. ಎದುರಿಗೆ ಮಾತಾಡುವ ಮನುಷ್ಯರಿದ್ದರೆ ಬರುತ್ತೆ. ಇಲ್ಲದಿದ್ದರೆ ಐದು ವರ್ಷದ ಮಗುವಿಗೂ ಬರುವುದಿಲ್ಲ. ನಾನು ಹೇಳಬೇಕಾದದ್ದು ಇಷ್ಟೇ, ಆದರೆ ಐದು ನಿಮಿಷ ಕೊಟ್ಟಿದ್ದಾರೆ, ತುಂಬಿಸಬೇಕಲ್ವಾ?

ವಯಸ್ಸಿನ ಆಟ ಇದೆ, ಆದರೆ ಹೆಚ್ಚಾಗಿ ಉಚ್ಚಾರಣೆಯಲ್ಲಿ. ಕೆನಡಾದ ಜಾನೆಟ್ ವರ್ಕರ್ ಅನ್ನುವ ವಿಜ್ಞಾನಿ ಇಂಗ್ಲಿಷ್ ಮನೆಗಳ ಕೂಸುಗಳಿಗೆ ಹಿಂದಿಯ ತ ಮತ್ತು ಟ ಕೇಳಿಸಿ ನೋಡಿದರು. 1984ರಲ್ಲಿ ಅದನ್ನು ಪ್ರಕಟಿಸಿದರು. 6-8 ತಿಂಗಳ ಕೂಸುಗಳಿಗೆ ಎರಡೂ ಬೇರೆ ಅಂತ ಗೊತ್ತಾಗುತ್ತಿತ್ತು. ವರ್ಷ ತುಂಬುವ ಹೊತ್ತಿಗೆ ಹೆಚ್ಚಿನವಕ್ಕೆ ಆ ವ್ಯತ್ಯಾಸವೇ ಕೇಳಿಸುತ್ತಿರಲಿಲ್ಲ. ಮನೆಯಲ್ಲಿ ಬೇಡದ ಸದ್ದನ್ನು ಕಿವಿ ಬಿಟ್ಟುಬಿಡುತ್ತದೆ.

ಈಗ ನಮ್ಮ ದಹಿಸರ್ ಬಡಾವಣೆಯ ಅಜ್ಜಿಯೊಬ್ಬರ ಕಥೆ ಕೇಳಿ. ನಮ್ಮ ಕೆಳಗಿನ ಮನೆಗೆ ಕಾರ್ಕಳ ಕಡೆಯಿಂದ ಬಂದರು, ಆಗ ಅವರಿಗೆ 61. ಬರುವುದು ತುಳು, ಕನ್ನಡ. ಮರಾಠಿ ಒಂದಕ್ಷರ ಇಲ್ಲ. ಮಗ, ಸೊಸೆ ಇಬ್ಬರೂ ಬೆಳಿಗ್ಗೆ ಏಳೂವರೆಯ ಲೋಕಲ್ ಹಿಡಿಯುವವರು, ಹಾಗಾಗಿ ಮೀನು ತರುವ ಕೆಲಸ ಅಜ್ಜಿಯ ಪಾಲಿಗೆ ಬಂತು. ಮೊದಲ ವಾರ ಸುಮ್ನೆ ಬೆರಳು ತೋರಿಸಿದರು. ಆಮೇಲೆ ಪಕ್ಕದವರು ಕೇಳುವುದನ್ನು ಕೇಳಿ ಕೇಳಿ 'ಬಾಂಗಡಾ ಕಸಾ ದಿಲಾ?' ಅಂತ ಒಂದು ವಾಕ್ಯ ಹಿಡಿದರು, ಬಂಗುಡೆ ಹೇಗೆ ಕೊಟ್ಟೆ ಅಂತ. ಅದೇ ಧೈರ್ಯದಲ್ಲಿ ಅಂಜಲ್ ಮೀನಿಗೂ, ಮರಾಠಿಯಲ್ಲಿ ಅದು ಸುರಮಯಿ, 'ಸುರಮಯಿ ಕಸಾ ದಿಲಾ?' ಅಂದುಬಿಟ್ಟರು. ಮೀನಿನವಳು ಕತ್ತಿ ಬದಿಗಿಟ್ಟು ನಕ್ಕಳು. "ಆಜೀ, ಸುರಮಯಿ ಕಶೀ ದಿಲೀ!"

ನೋಡಿ, ಕನ್ನಡದಲ್ಲಿ ಮೀನೆಲ್ಲ 'ಅದು'. ಮರಾಠಿಯಲ್ಲಿ ಬಂಗುಡೆ ಗಂಡು, ಅಂಜಲ್ ಹೆಣ್ಣು. ಅದಕ್ಕೇ ಬಂಗುಡೆಗೆ 'ಕಸಾ ದಿಲಾ', ಅಂಜಲ್‌ಗೆ 'ಕಶೀ ದಿಲೀ'. ಇದನ್ನು ಹಲಗೆಯ ಮೇಲೆ ಬರೆದು ಕಲಿಸಲು ನಾನು ಎಷ್ಟು ಸೀಮೆಸುಣ್ಣ ಸವೆಸಿದ್ದೇನೋ! ಅಜ್ಜಿ ಮೀನಿನ ಜೊತೆಗೇ ಲಿಂಗವನ್ನೂ ಚೀಲಕ್ಕೆ ಹಾಕಿಕೊಂಡು ಬಂದರು. ಎರಡು ವರ್ಷದಲ್ಲಿ ಆ ಮೀನಿನವಳ ಮಗಳ ಬಾಣಂತನಕ್ಕೆ ಮರಾಠಿಯಲ್ಲೇ ಸಲಹೆ ಕೊಡುತ್ತಿದ್ದರು. 'ಚಾಂಗಲಾ', ಅಂದರೆ ಒಳ್ಳೆಯದು, ಅನ್ನುವಾಗ ಮಾತ್ರ ಈಗಲೂ ನಮ್ಮ ಚಕ್ಕುಲಿಯ ಚ. ಮರಾಠಿಯವರ 'ತ್ಸ' ಬಾಯಿಗೆ ಬರಲೇ ಇಲ್ಲ. ಬರದಿದ್ದರೆ ಮೀನು ಕೊಡುವುದಿಲ್ವಾ?

ಅದೇ ಮನೆಯ ಮೊಮ್ಮಗನಿಗೆ ಹನ್ನೆರಡು. ಶಾಲೆಯಲ್ಲಿ ಮರಾಠಿಗೆ 80 ಅಂಕ. ಕೊತ್ತಂಬರಿ ತಾ ಅಂದರೆ ಅಂಗಡಿಯವನ ಹತ್ತಿರ ಬಾಯಿ ಬಿಡಲು ನಾಚಿಕೆ, ಮೊಬೈಲಿನಲ್ಲಿ ತರಿಸೋಣ ಅನ್ನುತ್ತಾನೆ. ವಯಸ್ಸು ಅವನ ಕಡೆಗಿದೆ, ಮನುಷ್ಯರಿಲ್ಲ.

ಅಯ್ಯೋ, ಸ್ಟುಡಿಯೋ ಗಾಜಿನ ಆಚೆಯಿಂದ ಒಂದು ಬೆರಳು ತೋರಿಸುತ್ತಿದ್ದಾರೆ, ಇನ್ನು ಒಂದೇ ನಿಮಿಷ ಅಂತ. ಬೇಗ ಹೇಳುತ್ತೇನೆ. ನೆದರ್ಲ್ಯಾಂಡ್ಸ್‌ಗೆ ಬಂದ ಇಂಗ್ಲಿಷ್ ಮಾತಾಡುವ ಕುಟುಂಬಗಳನ್ನು ನೋಡಿ 1978ರಲ್ಲಿ ಬರೆದ ಅಧ್ಯಯನ ಇದೆ. ಡಚ್ ಭಾಷೆಯನ್ನು ಬೇಗ ಹಿಡಿದವರು 12-15ರ ಹುಡುಗರು, ಹಿಂದೆ ಬಿದ್ದವರು ಪುಟಾಣಿಗಳು! ಇನ್ನೊಂದು, ಅಮೆರಿಕದ 9 ತಿಂಗಳ ಕೂಸುಗಳು ಎದುರಿಗೆ ಕೂತು ಆಡಿಸಿದವರಿಂದ ಚೀನೀ ಸದ್ದು ಕಲಿತವು, ಅದನ್ನೇ ಟೀವಿಯಲ್ಲಿ ತೋರಿಸಿದರೆ ಕಲಿಯಲಿಲ್ಲ. ಮನುಷ್ಯರು ಬೇಕು, ಎಷ್ಟು ಸಲ ಹೇಳಲಿ?

ಇನ್ನು ಮನೆ. ಮನೆಯಲ್ಲಿ ಇಂಗ್ಲಿಷೇ ಆಡಿ ಅಂತ ಶಾಲೆಯವರು ಒಬ್ಬ ತಾಯಿಗೆ ಹೇಳಿದರಂತೆ. ಪಾಪ, ಆಕೆ ಮಗುವಿನ ಜೊತೆ ಮಾತಾಡುವುದು ಈಗ 'ಈಟ್, ಸ್ಲೀಪ್, ಕಮ್' ಅಷ್ಟೇ. ತುಳುವಿನಲ್ಲಾಗಿದ್ದರೆ ಇಡೀ ದಿನದ ಕಥೆ ಹೇಳುತ್ತಿದ್ದಳು, ಮಗು ನೂರು ಪ್ರಶ್ನೆ ಕೇಳುತ್ತಿತ್ತು. ಹಾಗೆ ಕೇಳಿ ಬೆಳೆದ ಮಗುವಿಗೆ ಎರಡನೇ ಭಾಷೆಯಲ್ಲಿ ಹೊಸ ಹೆಸರು ಕಲಿತರೆ ಸಾಕು, ವಿಷಯ ಆಗಲೇ ತಲೆಯಲ್ಲಿರುತ್ತದೆ. ದಯವಿಟ್ಟು ಮನೆಮಾತು ಬಿಡಬೇಡಿ.

ಮುಗಿಸಿ ಅನ್ನುತ್ತಿದ್ದಾರೆ. ಭಾನುವಾರ ಮಗನ ಕೈಗೆ ಚೀಲ ಕೊಟ್ಟು ಮೀನಿಗೆ ಕಳಿಸಿ, ಮೊಬೈಲ್ ಮನೆಯಲ್ಲೇ ಇರಲಿ. 'ಸುರಮಯಿ ಕಸಾ' ಅಂದರೂ ಅನ್ನಲಿ, ಮೀನಿನವಳು ತಿದ್ದುತ್ತಾಳೆ. ನಮಸ್ಕಾರ.